ಅಪ್‌ಸ್ಟ್ರೀಮ್‌ನಲ್ಲಿ ಹೊಸ ವರ್ಷನ್ ಬಂದದ್ದು ನಿಮಗೆ ಹೇಗೆ ಗೊತ್ತಾಗುತ್ತದೆ?

ಹಿಂಜವಡಿ, ಪುಣೆಯಿಂದ ಕೇಳಿದ್ದು:

ನಮ್ಮ ಆಫೀಸಿನ ಡೆಬಿಯನ್ (ಲಿನಕ್ಸ್‌ನ ಒಂದು ಡಿಸ್ಟ್ರೋ, ಅಂದರೆ ಆವೃತ್ತಿ) ಮಷೀನ್‌ಗಳಿಗೆ ಬೇಕಾದ ಒಂದಿಷ್ಟು ಪ್ಯಾಕೇಜ್‌ಗಳನ್ನು (ಇನ್‌ಸ್ಟಾಲ್‌ಗೆ ಸಿದ್ಧವಾದ ಸಾಫ್ಟ್‌ವೇರ್ ಕಟ್ಟುಗಳನ್ನು) ನಾನೇ ಮಾಡಿಕೊಡುತ್ತೇನೆ. ಅದೇನೂ ಕಷ್ಟವಲ್ಲ. ಆದರೆ ಮೂಲ ಪ್ರಾಜೆಕ್ಟ್‌ನವರು, ಅಂದರೆ ಅಪ್‌ಸ್ಟ್ರೀಮ್‌ನವರು, ಹೊಸ ವರ್ಷನ್ ಬಿಟ್ಟದ್ದು ನನಗೆ ತಿಳಿಯುವುದೇ ಯಾರಾದರೂ ಬಂದು "ಸರ್, ಇದು ಹಳೇದಾಯ್ತಲ್ಲ" ಅಂದಾಗ. ದಿನಾ ಒಂದೊಂದೇ ಸೈಟ್ ತೆರೆದು ನೋಡುವ ತಾಳ್ಮೆ ಯಾರಿಗಿದೆ? ಇದನ್ನು ತಾನಾಗಿಯೇ ಆಗುವ ಹಾಗೆ ಮಾಡಿದವರು ದಯವಿಟ್ಟು ಹೇಳಿ. ಸಿಕ್ಕಿದ್ದನ್ನು ಹಾಗೇ ಬಿಲ್ಡ್ ಮಾಡಿ ರೆಪೊಗೆ (ಮಷೀನ್‌ಗಳು ಪ್ಯಾಕೇಜ್ ತೆಗೆದುಕೊಳ್ಳುವ ಸಂಗ್ರಹಕ್ಕೆ) ಹಾಕಿಬಿಡಬಹುದಾ ಅನ್ನೋದೂ ನನ್ನ ಪ್ರಶ್ನೆ.

ಡೊಂಬಿವಲಿಯಿಂದ:

ಡೆಬಿಯನ್ ಅಂದಮೇಲೆ ಹೊಸ ವರ್ಷನ್ ಹುಡುಕುವ ಯುಸ್ಕ್ಯಾನ್ ಇದ್ದೇ ಇದೆ, ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್‌ನಲ್ಲಿ ಸಿಗುತ್ತದೆ. ಪ್ಯಾಕೇಜ್‌ನ ಡೆಬಿಯನ್ ಫೋಲ್ಡರ್‌ನಲ್ಲಿ ವಾಚ್ ಅಂತ ಒಂದು ಫೈಲ್ ಇಟ್ಟು, ಯಾವ ಪುಟ ನೋಡಬೇಕು, ಫೈಲ್ ಹೆಸರು ಹೇಗಿರುತ್ತದೆ ಅಂತ ರೆಜೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಹೇಳುವ ಸಂಕೇತಗಳಲ್ಲಿ) ಬರೆದರೆ ಮುಗೀತು. ಗಿಟ್‌ಹಬ್‌ನಲ್ಲಿ (ಕೋಡ್ ಇಡುವ ಸೈಟ್) ಇರುವ ಪ್ರಾಜೆಕ್ಟ್ ಆದರೆ ರಿಲೀಸಸ್ ಪುಟ ಕೊಡಬೇಡಿ, ಟ್ಯಾಗ್ಸ್ (ವರ್ಷನ್ ಗುರುತುಗಳ) ಪುಟ ಕೊಡಿ. 2022ರಲ್ಲಿ ಅವರು ರಿಲೀಸಸ್ ಪುಟದ ಡೌನ್‌ಲೋಡ್ ಲಿಂಕ್‌ಗಳನ್ನು ಆಮೇಲೆ ಲೋಡ್ ಆಗುವ ಹಾಗೆ ಬದಲಿಸಿದರು, ಎಷ್ಟೋ ವಾಚ್ ಫೈಲ್‌ಗಳು ಕೈಕೊಟ್ಟವು.

ಇನ್ನೊಂದು, ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್), ಬೀಟಾ, ಅಂದರೆ ಅಂತಿಮಕ್ಕೆ ಮುಂಚಿನ ವರ್ಷನ್‌ಗಳ ಮೇಲೆ ಕಣ್ಣಿಡಿ. ಡೆಬಿಯನ್‌ನ ಪ್ಯಾಕೇಜ್ ಟೂಲ್ ಡಿಪಿಕೆಜಿ ಲೆಕ್ಕದಲ್ಲಿ 2.0ಆರ್‌ಸಿ1 ಅನ್ನುವುದು 2.0ಗಿಂತ ದೊಡ್ಡದು! ಹಾಗಾಗಿ ಆರ್‌ಸಿ ಒಮ್ಮೆ ರೆಪೊಗೆ ಹೋಯಿತೋ, ನಿಜವಾದ 2.0 ಬಂದಾಗ ಅಪ್‌ಡೇಟ್ ಮಾಡುವ ಎಪಿಟಿ ತಿರುಗಿಯೂ ನೋಡುವುದಿಲ್ಲ. ವಾಚ್ ಫೈಲ್‌ನಲ್ಲಿ ಯುವರ್ಷನ್‌ಮ್ಯಾಂಗಲ್ ಬಳಸಿ ನಡುವೆ ಟಿಲ್ಡೆ (~) ಹಾಕಿಸಿ, ಆಗ ಆರ್‌ಸಿ ಕೆಳಗೇ ಕೂರುತ್ತದೆ. ಮತ್ತೆ ಯುಸ್ಕ್ಯಾನ್‌ನ ಎಕ್ಸಿಟ್ ಕೋಡ್ (ಮುಗಿದಾಗ ಕೊಡುವ ಸಂಖ್ಯೆ) ಉಲ್ಟಾ: ಹೊಸದು ಸಿಕ್ಕರೆ 0, ಸಿಗದಿದ್ದರೆ 1, ಅಂದರೆ ಎರರ್‌ನ ಲೆಕ್ಕ. ಎರರ್ ಬಂದರೆ ನಿಲ್ಲುವ ಹಾಗೆ ಸ್ಕ್ರಿಪ್ಟ್ ಬರೆದಿದ್ದರೆ, ಏನೂ ಹೊಸದಿಲ್ಲದ ಮೊದಲ ಪ್ಯಾಕೇಜ್‌ನಲ್ಲೇ ಅದು ಮಲಗಿಬಿಡುತ್ತದೆ. ಯಾಕೆ ಹೀಗಿಟ್ಟರೋ ದೇವರಿಗೇ ಗೊತ್ತು.

ಕೋಥ್ರೂಡ್‌ನಿಂದ:

ನಾನು ಎನ್‌ವಿಚೆಕರ್ ಪಕ್ಷ, ಅದೂ ಹೊಸ ವರ್ಷನ್ ಹುಡುಕುವ ಟೂಲೇ. ಆರ್ಚ್ ಲಿನಕ್ಸ್‌ನವರು ಜಾಸ್ತಿ ಬಳಸುತ್ತಾರೆ, ಆದರೆ ಯಾವ ಡಿಸ್ಟ್ರೋದಲ್ಲಾದರೂ ನಡೆಯುತ್ತದೆ. ಎಲ್ಲ ಪ್ಯಾಕೇಜ್‌ಗಳೂ ಒಂದೇ ಟಾಮಲ್ (ಸೆಟ್ಟಿಂಗ್ಸ್ ಬರೆಯುವ) ಫೈಲ್‌ನಲ್ಲಿ, ಗಿಟ್‌ಹಬ್, ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ಸಂಗ್ರಹ), ಬರೀ ವೆಬ್‌ಪುಟ, ಯಾವುದಾದರೂ ಸರಿ. ಎನ್‌ವಿಸಿಎಂಪಿ ಅಂದರೆ ಹಳೆಯದು-ಹೊಸದು ಎದುರುಬದುರು ತೋರಿಸುತ್ತದೆ, ನೀವು ನೋಡಿ ಆದಮೇಲೆ ಎನ್‌ವಿಟೇಕ್ ಕೊಟ್ಟು ಹೊಸದನ್ನು ನೋಡಿದ್ದಾಗಿ ದಾಖಲಿಸಿ. ಗಿಟ್‌ಹಬ್ ಟೋಕನ್ (ನಿಮ್ಮ ಖಾತೆಯ ಗುರುತಿನ ಕೀಲಿ) ಮಾತ್ರ ಮರೆಯಬೇಡಿ. ಟೋಕನ್ ಇಲ್ಲದೆ ಎಪಿಐ (ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ಮೂಲಕ ಕೇಳಿದರೆ ಒಂದು ಐಪಿಗೆ ಗಂಟೆಗೆ 60 ಸಲ ಅಷ್ಟೇ ಉತ್ತರ. ಇಡೀ ಆಫೀಸ್ ಒಂದೇ ಐಪಿಯಿಂದ ಹೊರಗೆ ಹೋಗುವಾಗ ಅದು ಯಾವ ಮೂಲೆಗೆ? ಟೋಕನ್ ಇದ್ದರೆ 5000.

ಮಡಗಾಂವ್‌ನಿಂದ:

ನಾಲ್ಕೈದೇ ಪ್ಯಾಕೇಜ್ ಇದ್ದರೆ ಇಷ್ಟೆಲ್ಲ ಬೇಡ ಅಣ್ಣ. ಗಿಟ್‌ಹಬ್‌ನಲ್ಲಿರುವ ಪ್ರಾಜೆಕ್ಟ್‌ನ ವಿಳಾಸದ ಕೊನೆಗೆ ಸ್ಲ್ಯಾಷ್ ಟ್ಯಾಗ್ಸ್ ಡಾಟ್ ಆಟಮ್ ಸೇರಿಸಿ, ಸುಮ್ನೆ ಫೀಡ್ ರೀಡರ್‌ಗೆ (ಸೈಟ್‌ಗಳಲ್ಲಿ ಹೊಸದು ಬಂದರೆ ತೋರಿಸುವ ಆ್ಯಪ್‌ಗೆ) ಹಾಕಿಕೊಳ್ಳಿ. ಸ್ಕ್ರಿಪ್ಟೇ ಬೇಕು ಅಂದರೆ ಅದನ್ನು ಹೊತ್ತಿಗೆ ಸರಿಯಾಗಿ ಓಡಿಸಲು ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಇಡಿ, ಪರ್ಸಿಸ್ಟೆಂಟ್ ಆನ್ ಮಾಡಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ತಪ್ಪಿಹೋದ ಓಟವನ್ನು ಮಷೀನ್ ಎದ್ದ ಕೂಡಲೇ ಅದು ಮಾಡಿ ಮುಗಿಸುತ್ತದೆ.

ಮಾಟುಂಗಾದಿಂದ:

ಹಾಗೇ ಬಿಲ್ಡ್ ಮಾಡಿ ರೆಪೊಗೆ ಹಾಕಬಹುದಾ ಅನ್ನುವ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಲ್ಲ. ನನ್ನ ಉತ್ತರ: ಬೇಡ. 2024ರ ಮಾರ್ಚ್‌ನ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಟೂಲ್) ಕಥೆ ನೆನಪಿದೆಯಲ್ವಾ? 5.6.0 ಮತ್ತು 5.6.1, ಎರಡೂ ಅಧಿಕೃತ ರಿಲೀಸ್. ಡಿಜಿಟಲ್ ಸಹಿಯೂ ಸರಿಯಾಗಿತ್ತು, ಯಾಕೆಂದರೆ ಸಹಿ ಹಾಕಿದವನೇ ಹಿಂಬಾಗಿಲು (ಕದ್ದು ಒಳನುಗ್ಗಲು ಬಿಡುವ ಕೋಡ್) ಇಟ್ಟವನು. ಅದನ್ನು ಚಾಲೂ ಮಾಡುವ ಸಾಲುಗಳು ಟಾರ್‌ಬಾಲ್‌ನ (ರಿಲೀಸ್ ಆಗಿ ಕೊಡುವ ಕೋಡ್ ಕಟ್ಟಿನ) ಒಂದು ಎಂ4 ಫೈಲ್‌ನಲ್ಲಿದ್ದವು, ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳು ದಾಖಲಾಗುವ ಜಾಗದಲ್ಲಿ) ಇರಲಿಲ್ಲ. ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅವರು ಎಸ್‌ಎಸ್‌ಎಚ್ (ದೂರದ ಮಷೀನ್‌ಗೆ ಹೋಗುವ) ಲಾಗಿನ್ ಸ್ವಲ್ಪ ನಿಧಾನವಾಯಿತಲ್ಲ ಅಂತ ಬೆನ್ನುಹತ್ತಿದ್ದಕ್ಕೆ ಸಿಕ್ಕಿತು. ಹುಡುಕುವುದು, ಇಳಿಸಿಕೊಳ್ಳುವುದು, ಟೆಸ್ಟ್ ಬಿಲ್ಡ್ ಮಾಡುವುದು ಎಲ್ಲ ಮಷೀನಿಗೆ ಬಿಡಿ. ಫೆಡೋರಾ ಅನ್ನುವ ಇನ್ನೊಂದು ಡಿಸ್ಟ್ರೋದಲ್ಲೂ ಅನಿತ್ಯ ಅನ್ನುವ ಸೇವೆ ಹೊಸ ವರ್ಷನ್ ಕಂಡುಹಿಡಿದರೆ ಪ್ಯಾಕೇಜ್ ನೋಡಿಕೊಳ್ಳುವವರ ಹೆಸರಿಗೆ ಒಂದು ಬಗ್ ಬೀಳುತ್ತದೆ, ಬೇಕಂದರೆ ಟೆಸ್ಟ್ ಬಿಲ್ಡ್ ಕೂಡ ಆಗುತ್ತದೆ. ಮುಂದಿನದು ಮನುಷ್ಯರ ಕೆಲಸ. ರೆಪೊಗೆ ಹಾಕುವ ಮೊದಲು ಟಾರ್‌ಬಾಲ್‌ಗೂ ಗಿಟ್ ಟ್ಯಾಗ್‌ಗೂ ಡಿಫ್ (ವ್ಯತ್ಯಾಸದ ಪಟ್ಟಿ) ತೆಗೆದು ನೋಡಿ.

ಡೊಂಬಿವಲಿಯಿಂದ ಮತ್ತೆ:

ಒಪ್ಪಿದೆ. ಆದರೆ ಬರೀ ಫಾಂಟ್ ಪ್ಯಾಕೇಜ್‌ಗೂ ಇಷ್ಟು ಹೆದರಬೇಕಾ ಅಂತ ನನಗೆ ಅನುಮಾನ. ನಾನಂತೂ ಅವನ್ನು ಬೇಗ ಬೇಗ ರೆಪೊಗೆ ಬಿಡುತ್ತೇನೆ. ನಿಜವಾದ ತಲೆನೋವು ಬೇರೆ. ಪ್ರಾಜೆಕ್ಟ್ ಹೊಸ ಜಾಗಕ್ಕೆ ಹೋಗಿರುತ್ತದೆ, ಹಳೆಯ ಪುಟ ಹಾಗೇ ಇರುತ್ತದೆ, ಸ್ಕ್ರಿಪ್ಟ್ ತಿಂಗಳುಗಟ್ಟಲೆ "ಎಲ್ಲ ಸರಿ ಇದೆ" ಅನ್ನುತ್ತಲೇ ಇರುತ್ತದೆ. ಬಹಳ ದಿನ ಸದ್ದಿಲ್ಲದ ಪ್ಯಾಕೇಜ್ ಇದ್ದರೆ ರೆಪಾಲಜಿ ಸೈಟ್‌ನಲ್ಲಿ ಅದರ ಹೆಸರು ಹಾಕಿ, ಬೇರೆ ಡಿಸ್ಟ್ರೋಗಳು ಎಲ್ಲಿಗೆ ತಲುಪಿವೆ ನೋಡಿ.