ಫಿಲ್ಟರ್ ಇದೆ ಅಂತ ನಂಬಿ ಕೂರಬೇಡ

ಪುಟ್ಟೀ, ನಿನ್ನ ಮೆಸೇಜು ಈಗ ಕೇಳಿದೆ. ದೊಡ್ಡವನಿಗೆ 7 ವರ್ಷ, ಹೊಸದಾಗಿ ಬಂದ ಮುಂದಿನ ಹಲ್ಲಲ್ಲಿ ಕಂದು ಗೆರೆ, ಸಂಸ್ಥೆಯವರು ಕೊಟ್ಟ ಫಿಲ್ಟರ್ ನೀರೇ ಕುಡಿಸ್ತಿದೀವಿ, ಇನ್ಮೇಲೆ ಕುದಿಸಿ ಕೊಡ್ಲಾ ಅಂತ ಕೇಳಿದೀಯಲ್ಲ. ಕುದಿಸಬೇಡ. ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಹೋಗುತ್ತೆ, ಉಳಿದ ನೀರಲ್ಲಿ ಅದು ಇನ್ನಷ್ಟು ಜಾಸ್ತಿ ಆಗುತ್ತೆ. ನಮ್ಮ ಪಾವಗಡದ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿಗೆ ಕಂದು ಗೆರೆ ಬರಿಸೋದು ಅದೇ, ಈ ಸಂಗತಿ ನಿಮಗ್ಯಾರಿಗೂ ಹೊಸದಲ್ಲ.

ಫಿಲ್ಟರ್ ಇದೆ ಅಂತ ನಂಬಿ ಕೂರಬೇಡ, ತಾಯಿ. ನಾನು ಸಂಸ್ಥೇಲಿ ಆರೋಗ್ಯ ಕಾರ್ಯಕರ್ತೆ ಆಗಿದ್ದಾಗ ಮನೆಮನೆಗೂ ಕೊಟ್ವಲ್ಲ, ಒಂದರ ಮೇಲೊಂದು ಎರಡು ಡಬ್ಬ, ಮೇಲಿನದರಲ್ಲಿ ಬಿಳೀ ಅಲ್ಯುಮಿನಾ ಕಾಳು, ಸುಮಾರು 3 ಕೆ.ಜಿ. ನಿಮ್ಮಜ್ಜಿ ಮನೇಲೂ ಒಂದಿತ್ತು. ಆ ಕಾಳು ಫ್ಲೋರೈಡನ್ನ ಮೈಗೆ ಅಂಟಿಸಿಕೊಳ್ಳುತ್ತೆ. ಮೈ ತುಂಬಿದ ಮೇಲೆ ಹಿಡಿಯಲ್ಲ, ಹಾಕಿದ ನೀರು ಹಾಕಿದ ಹಾಗೇ ಕೆಳಗಿಳಿಯುತ್ತೆ. ರುಚಿ ಬದಲಾಗಲ್ಲ, ಬಣ್ಣ ಬದಲಾಗಲ್ಲ, ವಾಸನೆ ಬರಲ್ಲ, ಗೊತ್ತಾಗೋದು ಹೆಂಗೆ? ಕಾಳನ್ನ ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಸಿ, ತೊಳೆದು, ಆಮೇಲೆ ತೆಳುವಾದ ಆಸಿಡ್‌ನಲ್ಲಿ ನೆನೆಸಿ ತೊಳೆದ್ರೇನೇ ಮತ್ತೆ ಹಿಡಿಯೋದು. ಕೈ ಸುಡೋ ಕೆಲಸ, ಕಲಿತವರೇ ಮಾಡಬೇಕು. ಅಜ್ಜಿ ಮನೇದನ್ನ ಒಂದೂವರೆ ವರ್ಷ ಯಾರೂ ತೊಳೆದಿರಲಿಲ್ಲ. ಒಂದಿನ ನೀರು ಪರೀಕ್ಷೆ ಮಾಡೋ ಕಿಟ್ ತಂದು, ಅದರ ಗುಲಾಬಿ ದ್ರವ ಬೆರೆಸಿ ನೋಡಿದ್ರೆ, ಮೇಲೆ ಹಾಕಿದ ನೀರಿನದೂ ಹಳದಿ, ಕೆಳಗೆ ಬಂದ ನೀರಿನದೂ ಹಳದಿ. ಫ್ಲೋರೈಡ್ ಇಲ್ಲದಿದ್ರೆ ಗುಲಾಬಿ ಬಣ್ಣ ಹಾಗೇ ನಿಲ್ಲಬೇಕಿತ್ತು. ಅಷ್ಟು ದಿನ ಮನೆಯವರೆಲ್ಲ ಒಳ್ಳೇ ನೀರು ಅಂತಲೇ ಕುಡಿದಿದ್ರು. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಫಿಲ್ಟರ್ ಇದೆ ಅಂತ ನಂಬಿ ಕೂರಬೇಡ.

ಕಾಳು ತೊಳೆಯೋ ಹುಡುಗ ಬರೋದು ನಿಂತಿತ್ತು ಕಣಮ್ಮ. ಮೊಪೆಡ್ಡಿಗೆ ಕ್ಯಾನು ಕಟ್ಟಿಕೊಂಡು ಹನ್ನೆರಡು ಹಳ್ಳಿ ಸುತ್ತುತ್ತಿದ್ನಲ್ಲ, ಅವನೇ. ಪ್ರಾಜೆಕ್ಟ್ ಮುಗೀತು, ಸಂಬಳ ನಿಲ್ತು. ಫಿಲ್ಟರಿಗೆ ದುಡ್ಡು ಕೊಟ್ಟವರು ಅವನ ಪೆಟ್ರೋಲಿಗೆ ಕೊಡಲಿಲ್ಲ. ಉದ್ಘಾಟನೆ ಕಲ್ಲಿನ ಮೇಲೆ ಒಂದು ಗಂಟೆ ಬಂದುಹೋದ ಅತಿಥಿಗಳ ಹೆಸರೆಲ್ಲ ಇದೆ. ಅವನದಿಲ್ಲ. ಬಿಸಿಲಲ್ಲಿ ನನ್ನ ಜೊತೆ ಮನೆಮನೆ ಹತ್ತಿಳಿದ ಇಬ್ಬರು ಹೆಣ್ಣುಮಕ್ಕಳದೂ ಇಲ್ಲ. ಆ ಕೆಲಸ ನಡೆದದ್ದೇ ಅವರಿಂದ. ಇವತ್ತಿಗೂ ಹೊಟ್ಟೆ ಉರಿಯುತ್ತೆ ನನಗೆ.

ಅಯ್ಯೋ, ಮಾಡಬೇಕಾದ್ದನ್ನ ಹೇಳೋದೇ ಬಿಟ್ಟೆ. ದೊಡ್ಡವನ ಗೆರೆ ಈಗಿನ ನೀರಿಂದ ಬಂದದ್ದಲ್ಲ. ಆ ಹಲ್ಲು ಒಸಡಿನೊಳಗೆ ಬೆಳೆಯುವಾಗ, ಅಂದ್ರೆ ಹುಟ್ಟಿದಾಗಿಂದ ನಾಲ್ಕೈದು ವರ್ಷದೊಳಗೆ, ಕುಡಿದದ್ದರಿಂದ ಬಂದದ್ದು. ಅದು ತಾನಾಗಿ ಹೋಗಲ್ಲ, ಹಲ್ಲಿನ ಡಾಕ್ಟರಿಗೆ ತೋರಿಸು. ಈಗ ಕಾಪಾಡಬೇಕಾದ್ದು ಚಿಕ್ಕವಳನ್ನ, ಅವಳ ಹಲ್ಲು ಈಗ ಒಳಗೆ ಬೆಳೀತಿದೆ.

ಎರಡು ಪ್ಲಾಸ್ಟಿಕ್ ಬಾಟಲಿ ತಗೋ, ಗಾಜಿಂದು ಬೇಡ. ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಫಿಲ್ಟರ್ ನೀರು. ಅದೇ ನೀರಲ್ಲಿ ಮೂರು ಸಲ ಅಲುಬಿ ಚೆಲ್ಲಿ ತುಂಬಿಸು, ಮೇಲೆ ಯಾವುದು ಯಾವುದು ಅಂತ ಬರೆದು ಪಂಚಾಯ್ತಿಗೆ ಕೊಂಡೊಯ್ಯಿ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಲೂ 5 ಜನ ಹೆಂಗಸರಿಗೆ ಕಿಟ್‌ನಲ್ಲಿ ನೀರು ನೋಡೋದು ಕಲಿಸಬೇಕು ಅಂತಿದೆ, ನಿಮ್ಮೂರಲ್ಲಿ ಯಾರು ಅಂತ ಕೇಳು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, 1.5 ದಾಟಿದ್ರೆ ಕುಡಿಯೋಕೆ ಬೇಡ. ಎರಡೂ ಬಾಟಲಿಗೆ ಒಂದೇ ಲೆಕ್ಕ ಬಂದ್ರೆ ಆ ಫಿಲ್ಟರ್ ಪಕ್ಕಕ್ಕಿಡು, ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸು, ಅದನ್ನೂ ಒಂದ್ಸಲ ನೋಡಿಸು. ಕುಡಿಯೋಕಷ್ಟೇ ಅಲ್ಲ, ಮುದ್ದೆ ಎಸರಿಗೂ ಸಾರಿಗೂ ಆ ನೀರೇ ಆಗಬೇಕು. ಸ್ನಾನಕ್ಕೆ ಬೋರ್ ನೀರೇ ಸಾಕು. ಮಕ್ಕಳಿಗೆ ಟೀ ಕೊಡಬೇಡ, ಟೀ ಸೊಪ್ಪಲ್ಲೇ ಫ್ಲೋರೈಡ್ ಇರುತ್ತೆ. ಹಾಲು, ನೆಲ್ಲಿಕಾಯಿ ಕೊಡು.

ಲೆಕ್ಕ ಬಂದ ತಕ್ಷಣ ಇಲ್ಲೇ ಗ್ರೂಪಲ್ಲಿ ಹಾಕು, ಎರಡು ಬಾಟಲಿದೂ.