ಸೀತಾ ಅಶೋಕದ ಎಲೆ ಅಂಚು ಸುಡ್ತಿದೆ, ಚಿಗುರು ಜೋತು ಬಿದ್ದಿದೆ

ತುಮಕೂರು_ಹಿತ್ತಲು:
ಪಶ್ಚಿಮದ ಬಿಸಿಲಿಗೆ ನೆರಳಾಗಲಿ ಅಂತ ಸೀತಾ ಅಶೋಕ ಹಾಕಿದೀವಿ. ಮೂರು ವರ್ಷದ ಗಿಡ, ಐದಡಿ ಎತ್ತರ, ಕಾಂಪೌಂಡಿನಿಂದ ಮೂರಡಿ ದೂರ. ಮಾರ್ಚ್‌ನಿಂದ ಹಳೇ ಎಲೆಗಳ ತುದಿ, ಅಂಚು ಕಂದಾಗಿ ಗರಿಗರಿ ಆಗ್ತಿವೆ. ಹೊಸ ಚಿಗುರು ತಾಮ್ರದ ಬಣ್ಣದಲ್ಲಿ ಬಾಡಿದ ಹಾಗೆ ನೇತಾಡ್ತಿದೆ. ದಿನಾ ಸಂಜೆ ಅರ್ಧ ಬಕೆಟ್ ಬೋರ್ ನೀರು ಹಾಕ್ತೀವಿ. ನರ್ಸರಿಯವರು ಶಿಲೀಂಧ್ರ ಅಂತ ಔಷಧ ಕೊಟ್ಟರು, ಗುಣ ಕಾಣಲಿಲ್ಲ.

ಮಲೆನಾಡಿಗ:
ಚಿಗುರಿನ ಚಿಂತೆ ಬಿಡಿ. ಅಶೋಕದ ಎಳೆ ಎಲೆ ಹುಟ್ಟೋದೇ ಹಾಗೆ: ಮೆತ್ತಗೆ, ಕೆಂಚಗೆ, ಗೊಂಚಲಾಗಿ ಜೋತಾಡುತ್ತೆ. ಆಮೇಲೆ ಹಸಿರಾಗಿ ಸೆಟೆಯುತ್ತೆ. ಬಾಡಿದೆ ಅಂತ ಹೆಚ್ಚು ನೀರು ಸುರಿದು ಬೇರು ಕೊಳೆಸೋರೇ ಜಾಸ್ತಿ.

ಅಂಚು ಸುಡೋದು ಬೇರೆ ವಿಷಯ. ಶಿಲೀಂಧ್ರವಾದರೆ ಎಲೆ ಮೇಲೆ ಅಲ್ಲಲ್ಲಿ ಚುಕ್ಕೆ ಬಂದು ಸುತ್ತ ಹೆಚ್ಚಾಗಿ ಹಳದಿ ಉಂಗುರ ಕಾಣುತ್ತೆ. ಬಿಸಿಲಿನ ಸುಡು ಪಶ್ಚಿಮಕ್ಕೆ ಮುಖ ಮಾಡಿದ ಎಲೆಗಳಲ್ಲೇ ಜಾಸ್ತಿ, ಎಲೆ ನಡುವೆಯೂ ಮಚ್ಚೆ ಬೀಳುತ್ತೆ. ಉಪ್ಪಿನ ಸುಡು ಹಳೇ ಎಲೆಯ ತುದಿಯಿಂದ ಶುರುವಾಗಿ ಅಂಚಿಗುಂಟ ಹಬ್ಬುತ್ತೆ, ಗಿಡದ ಎಲ್ಲಾ ಕಡೆ. ನಿಮ್ಮದು ಎಲ್ಲಾ ಕಡೆ ಇದೆಯಾ? ಬುಡದ ಮಣ್ಣಿನ ಮೇಲೆ ಬಿಳೀ ಪೊರೆ ಕಟ್ಟಿದೆಯಾ?

ತುಮಕೂರು_ಹಿತ್ತಲು:
ಎಲ್ಲಾ ಕಡೆ ಇದೆ. ಪೊರೆಯೂ ಇದೆ. ಬೋರ್ ನೀರಿನ ಟಿಡಿಎಸ್ (ಕರಗಿರೋ ಲವಣದ ಪ್ರಮಾಣ) ಲೀಟರಿಗೆ 1350 ಮಿಲಿಗ್ರಾಂ. ಕುಡಿಯೋ ನೀರು ಶುದ್ಧ ಮಾಡೋ ಆರ್‌ಒ ಯಂತ್ರ ಹೊರಗೆ ಬಿಡೋ ತ್ಯಾಜ್ಯ ನೀರು ಹಾಕಬಹುದಾ?

ಮಣ್ಣುಮಿತ್ರ:
ಬೇಡವೇ ಬೇಡ! ನಿಮ್ಮ ಬೋರಿನ ಉಪ್ಪೆಲ್ಲ ಗಟ್ಟಿಯಾಗಿ ಉಳಿಯೋದು ಅದರಲ್ಲೇ.

ನಿಮ್ಮದು ಉಪ್ಪಿನ ಸುಡೇ. ಅರ್ಧ ಬಕೆಟ್ ನೀರು ಮೇಲಿನ ನಾಲ್ಕು ಇಂಚಿಗೇ ನಿಂತು ಆವಿಯಾಗಿ ಉಪ್ಪನ್ನ ಅಲ್ಲೇ ಬಿಡುತ್ತೆ. ದಿನದ ನೀರು ನಿಲ್ಲಿಸಿ. ಮೂರಡಿ ಅಗಲದ ಪಾತಿ ಮಾಡಿ, ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ 25-30 ಲೀಟರ್ ನಿಧಾನವಾಗಿ ಬಿಡಿ. ತಿಂಗಳಿಗೊಮ್ಮೆ ಅದರ ಎರಡು ಪಟ್ಟು ಕೊಟ್ಟರೆ ಉಪ್ಪು ಬೇರಿನ ಕೆಳಗೆ ಇಳಿಯುತ್ತೆ. ಮೊದಲು ಪಕ್ಕದಲ್ಲಿ ಒಂದಡಿ ಗುಂಡಿ ತೋಡಿ ನೀರು ತುಂಬಿ ನೋಡಿ. ಮರುದಿನವೂ ನಿಂತಿದ್ದರೆ ಈ ತೊಳೆತ ಬೇಡ, ಬೇರಿಗೆ ಉಸಿರು ಕಟ್ಟುತ್ತೆ. ಸಂಪಿನಲ್ಲಿ ಮಳೆ ನೀರಿದ್ದರೆ ಅಶೋಕಕ್ಕೇ ಮೀಸಲಿಡಿ. ರಾಸಾಯನಿಕ ಗೊಬ್ಬರ ಮಳೆ ಹಿಡಿಯೋವರೆಗೆ ಬೇಡ, ಅದೂ ಉಪ್ಪೇ.

ಇನ್ನೊಂದು, ಕಾಂಪೌಂಡಿನ ಪಕ್ಕ ಸಿಮೆಂಟು, ಗಾರೆ ಚೂರು ಹೂತಿರುತ್ತೆ, ಮಣ್ಣು ಕ್ಷಾರವಾಗುತ್ತೆ. ಎಳೆ ಎಲೆ ಹಸಿರಾಗೋ ಹೊತ್ತಲ್ಲಿ ನರ ಮಾತ್ರ ಹಸಿರಾಗಿ ಉಳಿದದ್ದು ಹಳದಿಯಾಗಿದ್ದರೆ ಕಬ್ಬಿಣ ಸಿಗ್ತಿಲ್ಲ ಅಂತ ಅರ್ಥ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕಲಸಿ ಸಂಜೆ ಸಿಂಪಡಿಸಿ. ಗೋಡೆಗೆ ಹಾರಿದರೆ ಕಲೆ ಹೋಗಲ್ಲ.

ಮಲೆನಾಡಿಗ:
ಘಟ್ಟದಲ್ಲಿ ಇದು ಹಳ್ಳದಂಚಲ್ಲಿ, ದೊಡ್ಡ ಮರಗಳ ಕೆಳಗೆ ಬೆಳೆಯೋ ಮರ. ನೀವು ನೆರಳು ಕೇಳ್ತಿರೋ ಗಿಡಕ್ಕೇ ಈಗ ನೆರಳು ಬೇಕು. ಮೇ ತಿಂಗಳವರೆಗೆ ಪಶ್ಚಿಮಕ್ಕೆ 50 ಪ್ರತಿಶತದ ನೆರಳು ಬಲೆ ಕಟ್ಟಿ, ಮಳೆಗಾಲದಲ್ಲಿ ಆ ಕಡೆ ಎರಡು ಬಾಳೆ ನೆಡಿ. ಬುಡಕ್ಕೆ ನಾಲ್ಕಿಂಚು ತರಗೆಲೆ ಹಾಸಿ, ಕಾಂಡಕ್ಕೆ ತಾಗದಂತೆ. ಕೆಳಗಿನ ಕೊಂಬೆ ಕಡೀಬೇಡಿ: ಕಾಂಡಕ್ಕೆ ಬಿಸಿಲು ತಟ್ಟುತ್ತೆ, ಮುಂದೆ ಹೂ ಬರೋದೂ ಹಳೇ ಕೊಂಬೆ, ಕಾಂಡದ ಮೇಲೇ. ಬೇಗ ನೆರಳು ಬೇಕಿದ್ದರೆ ಆ ಜಾಗಕ್ಕೆ ಹೊಂಗೆಯೇ ಸರಿಯಿತ್ತು, ಇರಲಿ.

ತುಮಕೂರು_ಹಿತ್ತಲು:
ಸುಟ್ಟ ಎಲೆ ಕಿತ್ತು ಹಾಕಲಾ?

ಮಣ್ಣುಮಿತ್ರ:
ಬೇಡ. ಒಣಗಿದ ಅಂಚು ಮತ್ತೆ ಹಸಿರಾಗಲ್ಲ, ಆದರೆ ಉಳಿದ ಭಾಗ ಗಿಡಕ್ಕೆ ಇನ್ನೂ ಊಟ ಮಾಡಿಕೊಡ್ತಿದೆ. ಈಗ ಬಂದಿರೋ ಚಿಗುರು ಬಲಿತ ಮೇಲೆ ಅದರ ಅಂಚು ನೋಡಿ. ಅದೂ ಸುಟ್ಟರೆ ಮಣ್ಣಿನ ಇಸಿ (ಉಪ್ಪಿನ ಅಂಶ), ಪಿಎಚ್ (ಹುಳಿ-ಕ್ಷಾರದ ಮಟ್ಟ) ಪರೀಕ್ಷೆ ಮಾಡಿಸಿ ಇಲ್ಲೇ ಹಾಕಿ.