ರಿಟೈರ್ ಆದವನಿಗೆ ಯಾವ ದೋಣಿ? 14 ಅಡಿಯಾ, 18 ಅಡಿಯಾ?

ಹೊಳೆಬದಿ ಮನೆ:
ಬ್ಯಾಂಕಿನಲ್ಲಿ 34 ವರ್ಷ ಕಳೆದು ಈ ಮಾರ್ಚ್‌ನಲ್ಲಿ ರಿಟೈರ್ ಆದೆ. ಉದ್ಯಾವರದ ಪಿತ್ರೋಡಿ ಕಡೆ ಹೊಳೆಬದಿಯಲ್ಲಿ ಹಳೆ ಮನೆ ಉಂಟು. ಅಂಗಳ ಇಳಿದರೆ ನೀರು. ಸಣ್ಣವನಿದ್ದಾಗ ಬೇರೆಯವರ ದೋಣಿಯಲ್ಲಿ ಕೂತು ಗಾಳ ಹಾಕಿದ್ದೇ ಬಂತು. ಈಗ ನನ್ನದೇ ಒಂದು ಬೇಕು ಅಂತ ಆಸೆ. ಮೀನು ಮಾರುವ ಯೋಚನೆ ಇಲ್ಲ. ವಾರಕ್ಕೆ ಎರಡು ಮೂರು ಬೆಳಿಗ್ಗೆ ಹೋಗಿ, ನಾಲ್ಕು ಕಾಣೆ ಮೀನೋ ಒಂದು ಕೆಂಬೇರಿಯೋ ಸಿಕ್ಕಿದರೆ ಮಧ್ಯಾಹ್ನದ ಸಾರಿಗಾಯಿತು. ಹೆಚ್ಚಾಗಿ ನಾನೊಬ್ಬನೇ. ರಜೆಯಲ್ಲಿ ಮೊಮ್ಮಗ. ಹೆಂಡತಿ "ನೋಡುವ" ಅಂದಿದ್ದಾಳೆ, ಅಂದರೆ ಬರುವುದಿಲ್ಲ ಅಂತ ಅರ್ಥ.

ಎರಡು ದೋಣಿ ನೋಡಿ ಬಂದೆ. ಒಂದು 14 ಅಡಿಯ ಹಳೆ ಫೈಬರ್ ದೋಣಿ, ಅಗಲ 4 ಅಡಿ, ಜೊತೆಗೆ 8 ಎಚ್‌ಪಿ ಟೂ ಸ್ಟ್ರೋಕ್ ಮೋಟಾರ್. ನೀರಿನೊಳಗೆ ತಿರುಗುವ ಫ್ಯಾನಿನ ಅಂಚು ಮಾತ್ರ ಇಲಿ ಕಚ್ಚಿದ ಹಾಗೆ ಉಂಟು. ಕೇಳಿದರೆ "ಹಳೆಯದಲ್ವಾ ಸರ್, ಅಷ್ಟೇ" ಅಂದರು. ಇನ್ನೊಂದು ಹೊಸದು, 18 ಅಡಿ, 25 ಎಚ್‌ಪಿ. ದುಡ್ಡು ಮೊದಲನೆಯದರ ಮೂರು ಪಟ್ಟು. ಮೊಣಕಾಲು ನೋವು ಇದೆ. ಈಜು ಬರುತ್ತದೆ, ಬರುತ್ತಿತ್ತು ಅನ್ನುವುದು ಸರಿಯೇನೋ. ಯಾವುದು ತಗೊಳ್ಳಲಿ?

ಮಲ್ಪೆ ಧಕ್ಕೆ:
ಸರ್, ದೋಣಿ ಆಮೇಲೆ. ಮೊದಲು ಇದು ಹೇಳಿ: ಹೊಳೆಯಲ್ಲೇ ಇರುತ್ತೀರಾ, ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ, ದಾಟಿ ಕಡಲಿಗೆ ಹೋಗುತ್ತೀರಾ?

ಹೊಳೆಬದಿ ಮನೆ:
ಹೆಚ್ಚಾಗಿ ಹೊಳೆ. ಆದರೆ ಒಂದು ದಿನ ತೋನ್ಸೆಪಾರಿಗೆ, ಅದೇ ಸೇಂಟ್ ಮೇರೀಸ್ ದ್ವೀಪದ ಕಡೆಗೆ, ಹೋಗಿ ಬರಬೇಕು ಅಂತ ಮನಸ್ಸಿನಲ್ಲಿ ಇದೆ.

ಮಲ್ಪೆ ಧಕ್ಕೆ:
ಎಲ್ಲರ ಮನಸ್ಸಿನಲ್ಲೂ ಅದೇ ಇರುವುದು ಮಾರಾಯ್ರೆ. ಮಲ್ಪೆಯಿಂದ ಹೆಚ್ಚೆಂದರೆ 6 ಕಿ.ಮೀ. ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಕಡಲು ಎಣ್ಣೆ ಸುರಿದ ಹಾಗೆ ಮಲಗಿರುತ್ತದೆ. ಹೋಗುವಾಗ ಎಲ್ಲ ಚಂದ. ಮಧ್ಯಾಹ್ನಕ್ಕೆ ಪಡುಗಾಳಿ ಏಳುತ್ತದೆ. ನೀವು ವಾಪಸ್ ಬರುವ ಹೊತ್ತಿಗೆ ಇಳಿತ ಇದ್ದರೆ ಹೊಳೆಯ ನೀರು ಹೊರಗೆ ನುಗ್ಗುತ್ತಿರುತ್ತದೆ, ಕಡಲಿನ ಅಲೆ ಒಳಗೆ ಬರುತ್ತಿರುತ್ತದೆ. ಎರಡಕ್ಕೂ ಜಗಳ ಹತ್ತುವುದು ಅಳಿವೆ ಬಾಯಿಯಲ್ಲಿ. ಅಲ್ಲಿ ಅಲೆ ಗೋಡೆಯ ಹಾಗೆ ಎದ್ದು ಮುರಿಯುತ್ತದೆ. ನಮ್ಮ ದೊಡ್ಡ ದೋಣಿಯವರೇ ಅಲ್ಲಿ ಎರಡು ನಿಮಿಷ ನಿಂತು, ಅಲೆ ನೋಡಿ, ಆಮೇಲೆ ನುಗ್ಗುವುದು. ಕಡಲಿಗೆ ಹೋಗುವುದೇ ಆದರೆ 18 ಅಡಿಗೆ ಒಂದು ಇಂಚು ಕಮ್ಮಿ ಬೇಡ. ಅದೂ ಒಬ್ಬರೇ ಬೇಡ.

ಕೋಡಿ ಬೆಂಗ್ರೆ:
ನನ್ನ ಸಲಹೆ: ಯಾವುದೂ ಬೇಡ. ದೋಣಿ ಇರುವವನ ಜೊತೆ ದೋಸ್ತಿ ಮಾಡಿಕೊಳ್ಳಿ. ಪೆಟ್ರೋಲ್ ನಿಮ್ಮದು, ಮೋಟಾರ್ ರಿಪೇರಿ ಅವನದು 😄

ಸುರತ್ಕಲ್ ಲೆಕ್ಕಾಚಾರ:
ನಾನೂ ರಿಟೈರ್ ಆದವನೇ, ಮೆಕ್ಯಾನಿಕಲ್ ಇಂಜಿನಿಯರ್. ಇಲ್ಲಿ ಎಲ್ಲರೂ ಉದ್ದದ ಬಗ್ಗೆ ಮಾತಾಡುತ್ತಿದ್ದಾರೆ. ದೋಣಿ ಓಲಾಡದೆ ನಿಲ್ಲುವುದು ಅಗಲದಿಂದ. ಅದೂ ಅಗಲದ ಘನಕ್ಕೆ ತಕ್ಕಂತೆ. ಉದ್ದ ಅಷ್ಟೇ ಇಟ್ಟು ಅಗಲವನ್ನು 4 ಅಡಿಯಿಂದ 5 ಅಡಿ ಮಾಡಿ. ಐದನ್ನು ಮೂರು ಸಲ ಗುಣಿಸಿದರೆ 125, ನಾಲ್ಕನ್ನು ಗುಣಿಸಿದರೆ 64. ಅಂದರೆ ಒಂದೇ ಒಂದು ಅಡಿಗೆ ಸುಮಾರು ದುಪ್ಪಟ್ಟು ಗಟ್ಟಿ. ಗಾಳ ಎಳೆಯಲು ಎದ್ದು ನಿಂತಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ಇನ್ನು ಮೋಟಾರ್. ನೀರು ಸೀಳಿಕೊಂಡು ಹೋಗುವ ದೋಣಿಗೆ ಒಂದು ಮಿತಿ ಇದೆ. ನೀರಿನಲ್ಲಿರುವ ಉದ್ದ 16 ಅಡಿ ಆದರೆ ಗಂಟೆಗೆ ಸುಮಾರು 10 ಕಿ.ಮೀ. ಅಷ್ಟಕ್ಕೆ 5 ಎಚ್‌ಪಿ ಸಾಕು. ಅದಕ್ಕಿಂತ ಜೋರಾಗಿ ಹೋಗಬೇಕೆಂದರೆ ದೋಣಿ ನೀರಿನ ಮೇಲೆ ಏರಿ ಜಾರಬೇಕು, ಆಗ 15, 20, 25 ಅಂತ ಬೇಕಾಗುತ್ತದೆ. ಕಾಣೆ ಹಿಡಿಯಲು ಜಾರುವ ಕೆಲಸ ಏನಿದೆ?

ಮಲ್ಪೆ ಧಕ್ಕೆ:
ಲೆಕ್ಕ ಸರಿ ಇರಬಹುದು ಸರ್. ಆದರೆ ಚಪ್ಪಟೆ ಅಗಲ ದೋಣಿ ಅಲೆಯ ಮೇಲೆ ಅಲೆಯಷ್ಟೇ ಓರೆ ಆಗುತ್ತದೆ. ಒಂದು ಹಂತದವರೆಗೆ ಕಲ್ಲಿನ ಹಾಗೆ ನಿಂತು, ಅದು ದಾಟಿದರೆ ಹೇಳದೆ ಕೇಳದೆ ಮಗುಚುತ್ತದೆ. ಮತ್ತೆ 5 ಎಚ್‌ಪಿ ನಿಂತ ನೀರಿಗೆ ಸಾಕು. ಜೋರು ಇಳಿತಕ್ಕೆ ಎದುರು, ಮೇಲಿಂದ ಗಾಳಿ, ದೋಣಿಯಲ್ಲಿ ಮೂರು ಜನ. ಆಗ ಪಡುಕೆರೆ ಸೇತುವೆಯ ಕಂಬ ಅಲ್ಲೇ ಇರುತ್ತದೆ, ನೀವೂ ಅಲ್ಲೇ ಇರುತ್ತೀರಿ.

ಸುರತ್ಕಲ್ ಲೆಕ್ಕಾಚಾರ:
ಹೊಳೆಗೆ ಅಂತ ಹೇಳಿದ್ದು ನಾನು. ಕಡಲಿನ ಅಲೆಗೆ ಚಪ್ಪಟೆ ತಳ ಆಗುವುದಿಲ್ಲ, ಒಪ್ಪಿದೆ. ಗಾಳಿಯ ಮಾತೂ ಒಪ್ಪಿದೆ. ಹಾಗಾದರೆ 8ರಿಂದ 9.9 ಎಚ್‌ಪಿ.

ಫೈಬರ್ ಅಣ್ಣ:
ಇಪ್ಪತ್ತು ವರ್ಷದಿಂದ ಫೈಬರ್ ದೋಣಿ ಮಾಡುತ್ತಿದ್ದೇನೆ. ಇವರಿಬ್ಬರ ಮಧ್ಯದ ದಾರಿ ಒಂದು ಉಂಟು. 15-16 ಅಡಿ ಉದ್ದ, 5 ಅಡಿ ಅಗಲ, ಮೂತಿ ಹತ್ತಿರ ಚೂಪು, ಹಿಂದೆ ಬರುತ್ತಾ ತಳ ಚಪ್ಪಟೆ. ಹೊಳೆಗೂ ಆಗುತ್ತದೆ, ಬಂದರಿನ ಒಳಗೂ ಆಗುತ್ತದೆ. ಟ್ರಾಲ್ ಬೋಟ್ ಪಕ್ಕದಲ್ಲಿ ಹೋದಾಗ ಎಬ್ಬಿಸುವ ಅಲೆಯನ್ನು ಮೂತಿ ಸೀಳುತ್ತದೆ.

ಹಳೆಯದು ತಗೊಳ್ಳುವುದಾದರೆ ಮೂರು ಕಡೆ ನೋಡಿ. ಹಿಂದೆ ಮೋಟಾರ್ ಸಿಕ್ಕಿಸುವ ಹಲಗೆ ಮುಖ್ಯ. ಹೊರಗೆ ಫೈಬರ್, ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಇಳಿದು ಒಳಗೇ ಕೊಳೆಯುತ್ತದೆ, ಹೊರಗೆ ಬಣ್ಣ ಫಳಫಳ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಟಣ್ ಅಂದರೆ ಒಳ್ಳೆಯದು, ದಬ್ ಅಂದರೆ ಮುಗಿಯಿತು. ಮೋಟಾರ್ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗುತ್ತದಾ ನೋಡಿ. ಆಮೇಲೆ ಸೀಟಿನ ಅಡಿ. ಅಲ್ಲಿ ಫೋಮ್ ತುಂಬಿದ ಮುಚ್ಚಿದ ಡಬ್ಬಿ ಇರಬೇಕು, ದೋಣಿ ತುಂಬಾ ನೀರಾದರೂ ಮುಳುಗದೆ ತೇಲುವುದು ಅದರಿಂದಲೇ. ದುಡ್ಡು ಉಳಿಸಲು ಅದನ್ನು ಬಿಟ್ಟು ಮಾಡುವವರೂ ಇದ್ದಾರೆ. ಕೊನೆಗೆ ತಳ, ಮರಳಿನ ಮೇಲೆ ಎಳೆದು ಎಳೆದು ಸವೆದಿರುತ್ತದೆ.

ಕುಂದಾಪ್ರ ಕಡೆಯವ:
ಎಂತಕ್ಕೆ ಇಷ್ಟೆಲ್ಲ? ನಮ್ಮ ಹಿರಿಯರ ಪಾತಿ ದೋಣಿ ನೋಡಿ. ಪಕ್ಕಕ್ಕೆ ಎರಡು ಕೋಲು ಚಾಚಿ, ತುದಿಗೆ ಒಂದು ಮರದ ದಿಮ್ಮಿ. ಒಂದೂವರೆ ಮೊಳ ಅಗಲದ ದೋಣಿ ಕಡಲಿನಲ್ಲಿ ಹೋಗಿ ಬರುತ್ತಿತ್ತು. ಮೋಟಾರಿಗೆ ಸೀಮೆಎಣ್ಣೆಯದ್ದು ಹಾಕಿ, ಖರ್ಚು ಕಮ್ಮಿ. ಇಲ್ಲ ಅಂದರೆ ಈಗ ಬ್ಯಾಟರಿ ಮೋಟಾರೇ ಬಂದಿದೆ, ಶಬ್ದವೇ ಇಲ್ಲ.

ಬಂದರ್ ಮೆಕ್ಯಾನಿಕ್:
ಪಾತಿ ಬಗ್ಗೆ ನಾನು ಮಾತಾಡುವುದಿಲ್ಲ, ಮೋಟಾರ್ ಬಗ್ಗೆ ಹೇಳುತ್ತೇನೆ.

ಸೀಮೆಎಣ್ಣೆ ಮೋಟಾರಿಗೆ ಸ್ಟಾರ್ಟ್ ಮಾಡಲು ಪೆಟ್ರೋಲೇ ಬೇಕು, ನಿಲ್ಲಿಸುವ ಮೊದಲೂ ಪೆಟ್ರೋಲಿಗೆ ತಿರುಗಿಸಬೇಕು. ಸಬ್ಸಿಡಿ ಸೀಮೆಎಣ್ಣೆ ಕಸುಬಿನ ನಾಡದೋಣಿಗೆ, ಮೊಮ್ಮಗನ ಜೊತೆ ಗಾಳ ಹಾಕುವವರಿಗೆ ಅಲ್ಲ. ವಾಸನೆ ಬೇರೆ.

ಬ್ಯಾಟರಿ ಮೋಟಾರ್ ನಾನೇ ಎರಡು ಕೂರಿಸಿದ್ದೇನೆ. 12 ವೋಲ್ಟಿನ ಸಾಮಾನ್ಯ ಮೋಟಾರ್ ಪೂರ್ತಿ ತಿರುಗಿಸಿದರೆ 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಎರಡು ಗಂಟೆಗೆ ಖಾಲಿ. ಶಕ್ತಿ ಲೆಕ್ಕ ಹಾಕಿದರೆ 600 ವ್ಯಾಟ್, ಒಂದು ಎಚ್‌ಪಿಯೂ ಇಲ್ಲ. ಗಾಳ ಹಾಕುವ ಜಾಗದಲ್ಲಿ ಮೆಲ್ಲ ಸರಿಯಲು ಬಹಳ ಚಂದ. ಮನೆಗೆ ವಾಪಸ್ ಬರಲು ಅದೊಂದನ್ನೇ ನಂಬಬೇಡಿ.

ಉಳಿದದ್ದು ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ. ಇಲ್ಲಿನ ಮೀನುಗಾರರು ಟೂ ಸ್ಟ್ರೋಕ್ ಬಿಡುವುದಿಲ್ಲ, ಕಾರಣ ಉಂಟು. ಹಗುರ, ಸರಳ, ಯಾರೂ ಬಿಚ್ಚಿ ಜೋಡಿಸಬಹುದು, ಬಿಡಿಭಾಗ ಸಿಗುತ್ತದೆ. 8 ಎಚ್‌ಪಿಯ ಟೂ ಸ್ಟ್ರೋಕ್ 27 ಕಿಲೋ ಆಸುಪಾಸು, 9.9ರ ಫೋರ್ ಸ್ಟ್ರೋಕ್ 40 ಕಿಲೋ ಹತ್ತಿರ. ಈ 13 ಕಿಲೋ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ಕೆಸರಿನಲ್ಲಿ ಕಾಲು ಹೂತಾಗ ಗೊತ್ತಾಗುತ್ತದೆ. ಆದರೆ ಫೋರ್ ಸ್ಟ್ರೋಕಿಗೆ ಶಬ್ದ ಕಮ್ಮಿ, ಹೊಗೆ ಇಲ್ಲ, ಪೆಟ್ರೋಲ್ ಕಮ್ಮಿ, ನಿಧಾನಕ್ಕೆ ಓಡಿಸಿದರೂ ಪ್ಲಗ್ ಕಪ್ಪಾಗುವುದಿಲ್ಲ. ಟೂ ಸ್ಟ್ರೋಕಿಗೆ ಒಂದು ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಆಯಿಲ್ ಬೆರೆಸಬೇಕು. ಒಂದು ದಿನ ಮರೆತರೆ ಪಿಸ್ಟನ್ ಹೋಯಿತು.

ಈಗ ಹೊಸ ತಲೆನೋವು ಪಂಪಿನ ಪೆಟ್ರೋಲ್. ಅದರಲ್ಲಿ 20% ಎಥನಾಲ್. ಹೆಚ್ಚಿನ ಔಟ್‌ಬೋರ್ಡ್ (ಹೀಗೆ ದೋಣಿಯ ಹಿಂದೆ ಸಿಕ್ಕಿಸುವ ಮೋಟಾರ್) ಕಂಪನಿಗಳ ಪುಸ್ತಕದಲ್ಲಿ 10% ದಾಟಬಾರದು ಅಂತ ಬರೆದಿದೆ. ಎಥನಾಲ್ ಗಾಳಿಯ ಪಸೆ ಕುಡಿಯುತ್ತದೆ. ನಮ್ಮ ಊರಿನ ಪಸೆ ಗೊತ್ತಲ್ವಾ, ಅಲಮಾರಿನಲ್ಲಿಟ್ಟ ಅಂಗಿಗೂ ಬೂಸ್ಟು ಬರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಇಟ್ಟರೆ ಅಡಿಗೆ ನೀರು ಇಳಿಯುತ್ತದೆ, ಕಾರ್ಬುರೇಟರ್ ಅಂಟುತ್ತದೆ. ಬೇಕಾದಷ್ಟೇ ತುಂಬಿಸಿ. ದಿನದ ಕೊನೆಗೆ ಮಾಡುವುದು ಇದು. ಒಂದು ಡ್ರಮ್ಮಿನಲ್ಲಿ ಬಾವಿ ನೀರು ತುಂಬಿಸಿ, ಮೋಟಾರಿನ ಕಾಲು ಅದರಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿ, ಉಪ್ಪು ಹೋಗಬೇಕು. ಹಿಂದಿನಿಂದ ನೀರಿನ ಧಾರೆ ಚಿಮ್ಮುತ್ತಾ ಇರಬೇಕು. ಧಾರೆ ಸಣ್ಣದಾದರೆ ಒಳಗಿನ ರಬ್ಬರ್ ಪಂಪ್ ಸವೆದಿದೆ ಅಂತ ಅರ್ಥ. ಆಮೇಲೆ ಡ್ರಮ್ಮಿನಲ್ಲಿ ಇರುವಾಗಲೇ ಪೆಟ್ರೋಲ್ ಪೈಪ್ ಕಳಚಿ, ಮೋಟಾರ್ ತಾನಾಗಿ ನಿಲ್ಲುವವರೆಗೆ ಓಡಿಸಿ.

ಕೋಡಿ ಬೆಂಗ್ರೆ:
ನೋಡಿದ್ರಾ? ಅದಕ್ಕೇ ಹೇಳಿದ್ದು ದೋಸ್ತಿ ಮಾಡಿಕೊಳ್ಳಿ ಅಂತ.

ಅಪ್ಪನ ದೋಣಿ:
ಬೆಂಗ್ರೆಯವರು ತಮಾಷೆಗೆ ಹೇಳುತ್ತಿದ್ದಾರೆ, ನಾನು ನಿಜವಾಗಿ ಹೇಳುತ್ತೇನೆ. ನನ್ನ ಅಪ್ಪ ಮೇಷ್ಟ್ರು. ರಿಟೈರ್ ಆದ ಮೇಲೆ ಸ್ವರ್ಣಾ ಹೊಳೆಗೆ ಅಂತ 19 ಅಡಿಯ ದೋಣಿ ತಗೊಂಡರು. "ದೊಡ್ಡದಾದರೆ ಸೇಫ್" ಅಂತ ಎಲ್ಲರೂ ಹೇಳಿದ್ದರು. ಅದನ್ನು ದಡಕ್ಕೆ ಎಳೆಯಲು ಇಬ್ಬರು ಬೇಕು. ಪಕ್ಕದ ಮನೆಯ ಹುಡುಗರು ಕೆಲಸಕ್ಕೆ ಹೋದ ದಿನ ಅಪ್ಪ ಮನೆಯಲ್ಲೇ. ಡೈರಿಯಲ್ಲಿ ಬರೆದಿಟ್ಟಿದ್ದಾರೆ, ಎರಡು ವರ್ಷದಲ್ಲಿ ಒಟ್ಟು ಹನ್ನೊಂದು ಸಲ ಹೋಗಿದ್ದು.

ಹನ್ನೊಂದನೇ ಸಲ ಏನಾಯಿತು ಗೊತ್ತಾ? ಅಳಿವೆಯಲ್ಲ, ಅಲೆಯಲ್ಲ. ದಡದಿಂದ ಐವತ್ತು ಅಡಿ ದೂರ. ಮೋಟಾರ್ ಗೇರಿನಲ್ಲೇ ಇತ್ತು ಅಂತ ಕಾಣುತ್ತದೆ. ನಿಂತುಕೊಂಡು ಹಗ್ಗ ಎಳೆದರು, ದೋಣಿ ಮುಂದೆ ಹಾರಿತು, ಅಪ್ಪ ಹಿಂದೆ ಬಿದ್ದರು. ಕೈಗೆ ಕಟ್ಟಿಕೊಳ್ಳುವ ಕೆಂಪು ದಾರ ಇರುತ್ತದಲ್ವಾ, ಬಿದ್ದರೆ ಮೋಟಾರ್ ಆಫ್ ಆಗುವುದು? ಅದು ಮೋಟಾರಿಗೇ ನೇತಾಡುತ್ತಿತ್ತು. ದೋಣಿ ತಾನೇ ಸುತ್ತು ಹೊಡೆಯುತ್ತಾ ಅಪ್ಪನ ಕಡೆಗೇ ತಿರುಗಿ ಬರುತ್ತಿತ್ತಂತೆ. ಅಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಎಳೆದು ದಡಕ್ಕೆ ಹಾಕಿದರು. ಅಪ್ಪ ಈಗ ಆರಾಮ. ದೋಣಿ ಮಾರಿದೆವು.

ಹಾಗಾಗಿ ಸರ್, ಕಡಲಿನ ಮಾತು ಬಿಡಿ. ನಿಮ್ಮ ಮೊಣಕಾಲಿಗೆ ಹತ್ತಿ ಇಳಿಯಲು ಆಗುತ್ತದಾ, ಒಬ್ಬರೇ ಎಳೆಯಲು ಆಗುತ್ತದಾ ಅಂತ ನೋಡಿ.

ಮಲ್ಪೆ ಧಕ್ಕೆ:
ತಂಗಿ ಹೇಳಿದ್ದು ಸರಿ. ನನ್ನ 18 ಅಡಿ ನಾನು ವಾಪಸ್ ತಗೊಳ್ಳುತ್ತೇನೆ. ಅದರ ಬದಲು ಕಡಲಿನ ಆಸೆಯನ್ನು ಅವರು ಬಿಡಲಿ. ತೋನ್ಸೆಪಾರಿಗೆ ಟೂರಿಸ್ಟ್ ಬೋಟ್ ಉಂಟು, ಟಿಕೆಟ್ ತಗೊಂಡು ಹೋಗಿ ಬನ್ನಿ.

ಇನ್ನೊಂದು, ಹೊಳೆಗೂ ಸೇರಿ ಹೇಳುವುದು. ಲಂಗರು ಯಾವತ್ತೂ ಮೂತಿಯಿಂದ ಬಿಡಬೇಕು. ಕೂತಲ್ಲಿಂದಲೇ ಹಿಂದೆ ಕಟ್ಟುವವರಿದ್ದಾರೆ. ಹಿಂದೆ ಮೋಟಾರ್ ಭಾರ, ನಿಮ್ಮ ಭಾರ, ಸೆಳೆತ ಹಗ್ಗವನ್ನು ಎಳೆದಾಗ ಹಿಂದಿನ ಹಲಗೆ ತಗ್ಗಿ ನೀರು ಒಳಗೆ. ಒಳಗೆ ಬಂದ ನೀರು ಒಂದೇ ಬದಿಗೆ ಓಡುತ್ತದೆ, ಆಮೇಲೆ ಎಷ್ಟು ಅಗಲ ಇದ್ದರೂ ಅಷ್ಟೇ. ಒಂದು ಜೊತೆ ಹುಟ್ಟು ಇರಲಿ. ಫೋನ್ ಪ್ಲಾಸ್ಟಿಕ್ ಚೀಲದಲ್ಲಿ ಕೊರಳಿಗೆ. ಕರಾವಳಿ ಕಾವಲು ಪೊಲೀಸರಿಗೆ 1093, ಕೋಸ್ಟ್ ಗಾರ್ಡ್‌ಗೆ 1554.

ಫೈಬರ್ ಅಣ್ಣ:
ಒಬ್ಬರೇ ಹಿಂದೆ ಕೂತರೆ ಮೂತಿ ಆಕಾಶ ನೋಡುತ್ತದೆ. ಮೋಟಾರಿನ ಹಿಡಿಗೆ ಒಂದು ಉದ್ದದ ಪೈಪ್ ಸಿಕ್ಕಿಸಿ ನಡು ಸೀಟಿನಲ್ಲಿ ಕೂರಿ. ಪೆಟ್ರೋಲ್ ಟ್ಯಾಂಕ್, ಲಂಗರು ಮುಂದೆ ಇಡಿ.

ಸುರತ್ಕಲ್ ಲೆಕ್ಕಾಚಾರ:
ಎಚ್‌ಪಿ ಬಗ್ಗೆ ಮತ್ತೊಂದು ಕಾರಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವುದು ಯಾಂತ್ರೀಕೃತ ಬೋಟುಗಳಿಗೆ, ಮತ್ತೆ 10 ಎಚ್‌ಪಿಗಿಂತ ಜಾಸ್ತಿ ಮೋಟಾರ್ ಇರುವ ದೋಣಿಗಳಿಗೆ. 9.9 ಆ ಗೆರೆಯ ಕೆಳಗೆ ಬರುತ್ತದೆ.

ಮಲ್ಪೆ ಧಕ್ಕೆ:
ಆ ಮಳೆಗೆ ಕೆಂಪು ನೀರಿನಲ್ಲಿ ಮರದ ದಿಮ್ಮಿ ತೇಲಿ ಬರುವಾಗ ಇವರು ಎಲ್ಲಿಗೆ ಹೋಗುವುದು ಸರ್? 😄 ಆದರೆ ಮೀನುಗಾರಿಕೆ ಇಲಾಖೆಗೆ ಹೋಗಿ ನೋಂದಣಿ, ಲೈಸೆನ್ಸ್ ವಿಚಾರಿಸಿ. ಹಳೆ ದೋಣಿಯ ಕಾಗದ ಯಾರ ಹೆಸರಿನಲ್ಲಿ ಉಂಟು ಅಂತ ನೋಡದೆ ಒಂದು ರೂಪಾಯಿ ಕೊಡಬೇಡಿ.

ಹೊಳೆಬದಿ ಮನೆ:
ಎಲ್ಲರಿಗೂ ಉಪಕಾರ ಆಯಿತು. 18 ಅಡಿ ಕೈಬಿಟ್ಟೆ. ಹೆಂಡತಿ ಇದನ್ನೆಲ್ಲ ಓದಿದಳು. ಕೆಂಪು ದಾರದ ಕತೆ ಎರಡು ಸಲ ಓದಿದಳು. ಲೈಫ್ ಜಾಕೆಟ್ ಹಾಕದೆ ಅಂಗಳ ಇಳಿಯಬಾರದಂತೆ.

ನಿನ್ನೆ ಆ 14 ಅಡಿಯದನ್ನು ಮತ್ತೆ ನೋಡಿ ಬಂದೆ. ತಟ್ಟಿದೆ, ಟಣ್ ಅಂತು. ಸೀಟಿನ ಅಡಿ ಫೋಮ್ ಉಂಟು. ಆದರೆ ಎದ್ದು ನಿಂತಾಗ ಕಾಲು ನಡುಗಿತು, ನಾಲ್ಕು ಅಡಿ ಅಗಲ ಸಾಲದು. ದೋಣಿ ಬೇಡ, ಬರೀ ಮೋಟಾರ್ ಕೊಡುತ್ತೀರಾ ಅಂತ ಕೇಳಿದೆ, ಒಪ್ಪಿದರು. ಟೇಪ್ ಇತ್ತು, ಅಳೆದೆ. ಹಿಂದಿನ ಹಲಗೆಯ ಎತ್ತರ 15 ಇಂಚು. ಮೋಟಾರಿನ ಕಾಲು, ಸಿಕ್ಕಿಸುವ ಕೊಕ್ಕೆಯಿಂದ ಫ್ಯಾನಿನ ಮೇಲಿನ ಅಡ್ಡ ತಗಡಿನವರೆಗೆ, 20 ಇಂಚು. ಇದು ಸರಿಯಾ?

ಬಂದರ್ ಮೆಕ್ಯಾನಿಕ್:
ಸಿಕ್ಕಿತು ನಿಮ್ಮ ಇಲಿ. ಆ ತಗಡು ದೋಣಿಯ ತಳಕ್ಕೆ ಸರಿಸಮ ಇರಬೇಕು, ಹೆಚ್ಚೆಂದರೆ ಒಂದು ಇಂಚು ಕೆಳಗೆ. ಅದು ಐದು ಇಂಚು ಕೆಳಗೆ ನೇತಾಡುತ್ತಿತ್ತು. ಪ್ರತಿ ಇಳಿತದಲ್ಲೂ ಮರಳಿನ ದಿಬ್ಬ ಉತ್ತಿದ್ದಾರೆ. ಫ್ಯಾನ್ ಬದಲಿಸಬಹುದು. ಆದರೆ ಅಷ್ಟು ಪೆಟ್ಟು ತಿಂದ ಮೇಲೆ ಒಳಗಿನ ಶಾಫ್ಟ್ ಬಾಗಿದೆಯಾ, ಗೇರ್ ಆಯಿಲಿಗೆ ನೀರು ಸೇರಿದೆಯಾ ನೋಡಬೇಕು. ಕೆಳಗಿನ ಸ್ಕ್ರೂ ಬಿಚ್ಚಿ ಸ್ವಲ್ಪ ಆಯಿಲ್ ತೆಗೆಯಿರಿ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ಬೇಡವೇ ಬೇಡ.

ಫೈಬರ್ ಅಣ್ಣ:
ಆಯಿಲ್ ಚೆನ್ನಾಗಿದ್ದರೆ ಮೋಟಾರ್ ತಗೊಳ್ಳಿ. 16 ಅಡಿ, 5 ಅಡಿ ಅಗಲದ್ದು ನನ್ನ ಶೆಡ್ಡಿನಲ್ಲಿ ಒಂದು ಅರ್ಧ ಆಗಿದೆ. ಹಿಂದಿನ ಹಲಗೆ ಇನ್ನೂ ಕತ್ತರಿಸಿಲ್ಲ. 20 ಇಂಚಿಗೆ ಇಡಲಾ, 15ಕ್ಕಾ, ಭಾನುವಾರದೊಳಗೆ ಹೇಳಿ.